ತಾಮ್ರದ ಮಡ್‌ಗಾರ್ಡ್

ಪುಟಾಣಿ ಮಾದರಿ ಲಾರಿಗೆ ತಾಮ್ರದ ಹಾಳೆಯಲ್ಲಿ ಮಡ್‌ಗಾರ್ಡ್ ಮಾಡಿದೆ. ತಾಮ್ರದ ಮೇಲೆ ಬಣ್ಣ ನಿಲ್ಲುವುದಿಲ್ಲ, ಮುಟ್ಟಿದರೆ ನಜ್ಜುಗುಜ್ಜಾಗುತ್ತದೆ ಎಂದು ಮೂಗು ಮುರಿದವರೇ ಈಗ ವಿಧಾನ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಗಾಡಿ 1/35ರ, ಅಂದರೆ ನಿಜದ ಮೂವತ್ತೈದನೇ ಒಂದು ಅಳತೆಯ, ಜಿಎಂಸಿ ಸಿಸಿಕೆಡಬ್ಲ್ಯೂ, ಎರಡನೇ ಮಹಾಯುದ್ಧದ ಎರಡೂವರೆ ಟನ್ ಲಾರಿ. ನನ್ನ ಡಯೋರಾಮಾದಲ್ಲಿ (ಮಾದರಿಗಳಿಂದ ಕಟ್ಟಿದ ಪುಟ್ಟ ದೃಶ್ಯದಲ್ಲಿ) ಅದು ಪೊದೆಯೊಳಗೆ ಬಿದ್ದ ಗುಜರಿ. ತುಕ್ಕು ಎಷ್ಟೇ ಚೆನ್ನಾಗಿ ಬಳಿದರೂ ನನ್ನ ಹಿಂದಿನ ಲಾರಿಗಳಲ್ಲಿ ಆಟಿಕೆಯ ಕಳೆ ಹೋಗಿರಲಿಲ್ಲ. ಗುಟ್ಟು ಅಂಚಿನಲ್ಲಿದೆ. ಕಿಟ್‌ನ, ಅಂದರೆ ಜೋಡಿಸಲು ಸಿಗುವ ಪ್ಲಾಸ್ಟಿಕ್ ಬಿಡಿಭಾಗಗಳ ಸೆಟ್‌ನ, ಮಡ್‌ಗಾರ್ಡ್ ಸುಮಾರು 1 ಮಿ.ಮೀ. ದಪ್ಪ, ನಿಜದ ಅಳತೆಗೆ 35 ಮಿ.ಮೀ. ಅದು ತಗಡಲ್ಲ, ಟ್ಯಾಂಕಿನ ಕವಚ!

ಹಿಂಬದಿಯಿಂದ ಅರದಲ್ಲಿ ತೆಳುವಾಗಿಸಲು ಹೋದರೆ ಪ್ಲಾಸ್ಟಿಕ್ ಹರಿಯಿತು. ಅಡುಗೆಮನೆಯ ಫಾಯಿಲ್ ಉಸಿರು ತಾಗಿದರೂ ಸುಕ್ಕಾಗುವಷ್ಟು ತೆಳು. ಅಲ್ಯೂಮಿನಿಯಂ ತಟ್ಟೆಯ ಹಾಳೆಗೆ ಆಕಾರ ಬಂತು, ಎರಡನೇ ಸಲ ಬಗ್ಗಿಸಿದಾಗ ಸೀಳಿತು. ಫೋಟೊ ಎಚ್ ಸೆಟ್‌ಗೆ (ರಾಸಾಯನಿಕದಿಂದ ಕೊರೆದ ತೆಳು ಲೋಹದ ಭಾಗಗಳಿಗೆ) ಕಿಟ್‌ನಷ್ಟೇ ದುಡ್ಡು ಸುರಿದೆ. ಅದರ ಹಿತ್ತಾಳೆ ಒಂದು ದಿಕ್ಕಿಗೆ ಮಾತ್ರ ಬಾಗುತ್ತದೆ, ಉಬ್ಬು ತಗ್ಗುಗಳಿಗೆ ಜಪ್ಪಯ್ಯ ಎಂದರೂ ಕೂರುವುದಿಲ್ಲ. ಮುಕ್ಕಾಲು ಪಾಲು ಇನ್ನೂ ಡಬ್ಬಿಯಲ್ಲೇ ಇದೆ.

ಕೊನೆಗೆ ಕೈಹಿಡಿದದ್ದು 0.1 ಮಿ.ಮೀ. ತಾಮ್ರ. ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಬಟ್ಟೆಯಂತೆ ಬಾಗುತ್ತದೆ. ಕಿಟ್‌ನ ಮಡ್‌ಗಾರ್ಡನ್ನೇ ಅಚ್ಚಾಗಿಟ್ಟು, ಬ್ರಷ್ಷಿನ ಹಿಡಿಯ ದುಂಡು ತುದಿಯಿಂದ ನಡುವಿನಿಂದ ಅಂಚಿಗೆ ತೀಡಬೇಕು. ಗಡುಸಾದಂತೆ ಮತ್ತೆ ಕಾಯಿಸಬೇಕು. ಒಂದು ಮಡ್‌ಗಾರ್ಡಿಗೆ ಎರಡು ಮೂರು ಸುತ್ತು ಬೇಕಾದೀತು. ಮುಂದಿನ ಮೂಲೆಯಲ್ಲಿ ಏಳುವ ನೆರಿಗೆಯನ್ನು ಕತ್ತರಿಸದೆ ಹೇಗೆ ಅಡಗಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸುತ್ತಲೂ ಹಾಳೆ ಧಾರಾಳವಾಗಿ ಉಳಿಸಿಕೊಳ್ಳಿ, ಅಷ್ಟು ಹೇಳಬಲ್ಲೆ.

ಬಣ್ಣದ ಮಾತು. 600ರ ಮರಳು ಕಾಗದದಲ್ಲಿ ಉಜ್ಜಿ, ಆಲ್ಕೋಹಾಲಿನಲ್ಲಿ ಒರೆಸಿ, ಲೋಹದ ಪ್ರೈಮರ್ ಹೊಡೆದೆ. ಉಗುರಿನಲ್ಲಿ ಕೆರೆದು ನೋಡಿದವರಿಗೂ ಬಣ್ಣ ಜಗ್ಗಲಿಲ್ಲ. ಮೇಲೆ ತುಕ್ಕಿನ ಲ್ಯಾಕರ್, ಹೇರ್‌ಸ್ಪ್ರೇ, ಆಲಿವ್ ಅಕ್ರಿಲಿಕ್, ಮಾದರಿ ಕಟ್ಟುವವರಿಗೆಲ್ಲ ಗೊತ್ತಿರುವ ಕ್ರಮ: ನೀರು ತಾಗಿದರೆ ನಡುವಿನ ಹೇರ್‌ಸ್ಪ್ರೇ ಕರಗಿ ಮೇಲಿನ ಬಣ್ಣ ಅಲ್ಲಲ್ಲಿ ಏಳುತ್ತದೆ. ಅಕ್ರಿಲಿಕ್ಕನ್ನು ರಾತ್ರಿಯಿಡೀ ಬಿಟ್ಟರೆ ಹಟ ಹಿಡಿಯುತ್ತದೆ, ಅರ್ಧ ಗಂಟೆಯೊಳಗೆ ಒದ್ದೆ ಬ್ರಷ್ ಆಡಿಸಿಬಿಡಿ. ಆಮೇಲೆ ಚಿಮುಟದಲ್ಲಿ ಹಿಡಿದು ಅಂಚನ್ನು ನಿಜವಾಗಿಯೇ ಜಜ್ಜಿದೆ. ಮಡಿಕೆಯ ಉದ್ದಕ್ಕೂ ಹಸಿರು ಪದರ ಕೂದಲೆಳೆಯಂತೆ ಸೀಳಿ ಒಳಗಿನ ಕಂದು ಇಣುಕಿತು. ಆ ಗೆರೆಯನ್ನು ಅತಿ ಸಣ್ಣ 000 ಬ್ರಷ್ಷಿನಲ್ಲಿ ಯಾರಾದರೂ ಎಳೆದು ತೋರಿಸಲಿ!

ನಡುವೆ ನಿಜವಾದ ತುಕ್ಕಿನ ಹುಚ್ಚೂ ಹತ್ತಿತ್ತು. ಉಕ್ಕಿನ ಉಣ್ಣೆಯ ಪುಡಿಯನ್ನು ವಿನೆಗರ್‌ನಲ್ಲಿ ನೆನೆಸಿ ಹಚ್ಚಿದೆ. ಬಣ್ಣ ಅದ್ಭುತ, ಆದರೆ ಪುಡಿ ಉದುರುತ್ತಲೇ ಇತ್ತು. ಈಗ ಅದು ಲಾರಿಯ ಕೆಳಗಿನ ಮಣ್ಣಿನಲ್ಲಿ ಮಾತ್ರ ಇದೆ. ಅಲ್ಲಿ ಎಷ್ಟು ಉದುರಿದರೂ ಚೆಂದವೇ.

ಖರ್ಚು ಕೇಳುವವರಿಗೆ: ತಾಮ್ರದ ಹಾಳೆಗೆ ಕಿಟ್‌ನ ಬೆಲೆಯ ಹತ್ತನೇ ಒಂದು ಪಾಲೂ ಆಗಲಿಲ್ಲ, ಇನ್ನೂ ಮೂರ್ನಾಲ್ಕು ಲಾರಿಗೆ ಸಾಕಾಗುವಷ್ಟು ಉಳಿದಿದೆ. ಜೇಬು ಹರಿದದ್ದು ರೆಸಿನ್ ಟೈರುಗಳಿಂದ. ಈ ಲಾರಿಗೆ ಹತ್ತು ಟೈರು ಬೇಕು, ನಾನು ಕೊಂಡದ್ದು ಎರಡೇ. ಪಾಳುಬಿದ್ದ ಗಾಡಿಯಲ್ಲಿ ಮೊದಲು ಕಳುವಾಗುವುದೇ ಟೈರು. ಹಿಂಭಾಗವನ್ನು ಮರದ ತುಂಡುಗಳ ಮೇಲೆ ಕೂರಿಸಿದೆ.