ಕುಡಿತದ ಹಿಂದಿನ ಬಾಲ್ಯವನ್ನು ಕೇಳುವ ಬಗೆ: ಕೋಲಾರ ಜಿಲ್ಲೆಯ ನನ್ನ ಅನುಭವ

ಬಾಲ್ಯದಲ್ಲಿ ತಿಂದ ಪೆಟ್ಟಿಗೂ ದೊಡ್ಡವರಾದ ಮೇಲಿನ ಕುಡಿತಕ್ಕೂ ನಂಟಿದೆ ಎಂಬುದನ್ನು 1998ರಲ್ಲೇ ವೈದ್ಯರಾದ ಫೆಲಿಟಿ, ಆಂಡಾ ಮತ್ತು ಸಂಗಡಿಗರು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ತೋರಿಸಿದ್ದರು. ಹೊಡೆತ, ಲೈಂಗಿಕ ಕಿರುಕುಳ, ಮನೆಯವರ ಕುಡಿತದಂಥ ಏಳು ಬಗೆಯ ಬಾಲ್ಯದ ಕಷ್ಟಗಳಲ್ಲಿ ನಾಲ್ಕೋ ಹೆಚ್ಚೋ ಕಂಡವರಿಗೆ, ಯಾವುದನ್ನೂ ಕಾಣದವರಿಗಿಂತ, ಮದ್ಯವ್ಯಸನ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು. ಅದೇ ಪ್ರಶ್ನೆಗಳನ್ನು ನಮ್ಮ ಹಳ್ಳಿಗಳಲ್ಲಿ ಕೇಳುವಾಗ ಸಂಖ್ಯೆ ಕೆಡುವುದು ಲೆಕ್ಕದಲ್ಲಲ್ಲ, ಕೇಳುವಲ್ಲಿ.

"ನಿಮ್ಮ ಮೇಲೆ ದೌರ್ಜನ್ಯ ನಡೆದಿತ್ತೇ?" ಎಂದರೆ ಬರುವ ಉತ್ತರ "ಇಲ್ಲ ಸಾರ್". ದೌರ್ಜನ್ಯ ಪೇಪರಿನ ಮಾತು. "ಮನೇಲಿ ಹೊಡೀತಿದ್ರಾ?" ಎಂದರೆ "ಹೊಡೀದೆ ಯಾರು ಸಾರ್ ಮಕ್ಕಳನ್ನ ಬೆಳೆಸ್ತಾರೆ?" ಎಂದು ಮಾತು ಮುಗಿಯುತ್ತದೆ. ಆದ್ದರಿಂದ ಕೃತ್ಯವನ್ನೇ ಕೇಳುತ್ತೇನೆ: "ಅಣ್ಣಾ, ಕೈಯಲ್ಲಾ, ಬೆಲ್ಟಲ್ಲಾ, ಸೌದೆಯಲ್ಲಾ? ಬಾಸುಂಡೆ ಬರ್ತಿತ್ತಾ? ಯಾವಾಗಲೋ ಒಂದ್ಸಲವಾ, ವಾರವಾರವಾ?" ಬಾಸುಂಡೆ ಎಂಬ ಒಂದು ಪದ ಮಾಡುವ ಕೆಲಸವನ್ನು ಇಡೀ ಪುಟದ ಅನುವಾದ ಮಾಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಬಾಲ್ಯಾನುಭವದ ಪ್ರಶ್ನಾವಳಿ ಆಧಾರಕ್ಕೆ ಸಾಕು, ಆದರೆ ಕನ್ನಡ ಒಂದೇ ಸಾಲದು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಒಬ್ಬರು ಅನುವಾದಿಸಿದ್ದನ್ನು ಮೂಲ ನೋಡದ ಇನ್ನೊಬ್ಬರು ಇಂಗ್ಲಿಷಿಗೆ ತಿರುಗಿಸಬೇಕು. ಆಮೇಲೆ ಎಂಟು ಹತ್ತು ಜನರಿಗೆ ಓದಿ ಹೇಳಿ "ಇದರಲ್ಲಿ ನಾನೇನು ಕೇಳ್ದೆ, ನಿಮ್ಮ ಮಾತಲ್ಲಿ ಹೇಳಿ" ಎನ್ನಬೇಕು. ಈ ಹಂತ ಬಿಟ್ಟವರ ಮಾಹಿತಿಯನ್ನು ನಾನು ನಂಬುವುದಿಲ್ಲ.

ಕುಡಿತದ ಅಳತೆಗೆ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಬಳಸುತ್ತೇನೆ. ಒಟ್ಟು ಅಂಕ 40, 8 ಅಥವಾ ಹೆಚ್ಚು ಬಂದರೆ ಅಪಾಯಕಾರಿ ಕುಡಿತ, 20 ಅಥವಾ ಹೆಚ್ಚು ಬಂದರೆ ವ್ಯಸನದ ತಪಾಸಣೆ ಬೇಕು. ಎಡವುವುದು ಕುಡಿಯುವ ದಿನ ಎಷ್ಟು ಡ್ರಿಂಕ್ ಎಂಬ ಎರಡನೇ ಪ್ರಶ್ನೆಯಲ್ಲಿ. ಅಲ್ಲಿ "ಒಂದು ಡ್ರಿಂಕ್" ಎಂದರೆ 10 ಗ್ರಾಂ ಆಲ್ಕೋಹಾಲ್. ಶೇ. 42.8ರ ವಿಸ್ಕಿಯಲ್ಲಿ ಅದು 30 ಮಿ.ಲೀ. ಹಾಗಾಗಿ 90 ಮಿ.ಲೀ.ನ ನೈಂಟಿ ಪ್ಯಾಕೆಟ್ ಮೂರು ಡ್ರಿಂಕ್, 180 ಮಿ.ಲೀ.ನ ಕ್ವಾರ್ಟರ್ ಆರು. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿ ನಾಲ್ಕು. "ದಿನಕ್ಕೆ ಎರಡು ಸಾರ್" ಎಂದವನು ಎರಡು ಕ್ವಾರ್ಟರ್ ಕುಡಿಯುತ್ತಿದ್ದರೆ ಅದು 12 ಡ್ರಿಂಕ್, ಆ ಪ್ರಶ್ನೆಗೆ ಅಂಕ 4. ಕೇಳದೆ "2" ಎಂದು ಬರೆದರೆ ಅಂಕ ಸೊನ್ನೆ. ಖಾಲಿ ನೈಂಟಿ ಪ್ಯಾಕೆಟ್, ಕ್ವಾರ್ಟರ್ ಬಾಟಲಿ ಎರಡನ್ನೂ ಚೀಲದಲ್ಲಿ ಇಟ್ಟುಕೊಂಡು ತೋರಿಸಿ ಕೇಳುವುದೇ ದಾರಿ.

ಮೊದಲು ಕುಡಿದ ವಯಸ್ಸು ಯಾರಿಗೂ ನೆನಪಿರುವುದಿಲ್ಲ. "ಸಾರಾಯಿ ನಿಲ್ಲೋಕೆ ಮುಂಚೆಯಾ, ಆಮೇಲಾ?" ಎಂದರೆ ರಾಜ್ಯದಲ್ಲಿ ಸಾರಾಯಿ ನಿಷೇಧವಾದ 2007 ಸಿಗುತ್ತದೆ. ಕೆಜಿಎಫ್‌ನಲ್ಲಿ ಗಣಿ ಮುಚ್ಚಿದ 2001 ಇದೆ. ಅಲ್ಲಿಂದ ಶಾಲೆಯ ತರಗತಿ, ಅಕ್ಕನ ಮದುವೆ ಎಂದು ಗೆರೆ ಎಳೆದು ವಯಸ್ಸಿಗೆ ಬರುತ್ತೇವೆ.

ಕುಡಿತ ಬಿಡಲು ಆಸ್ಪತ್ರೆಗೆ ಸೇರಿದವರನ್ನು ಮೊದಲ ವಾರ ಕೇಳಬಾರದು. ಕೊನೆಯ ಗುಟುಕಿನಿಂದ 48–96 ಗಂಟೆಗಳಲ್ಲಿ ಸನ್ನಿ ಬರುವ ಭಯವಿದೆ, ಅದು ದಾಟಿದರೂ ನೆನಪು ತಿಳಿಯಾಗಲು ದಿನ ಬೇಕು. ಮನೆಯಲ್ಲಿ ಕೇಳುವಾಗಿನ ಕಷ್ಟ ಬೇರೆ, ನೆರೆಯವರು ಬಂದು ಕೂರುತ್ತಾರೆ. ಅದಕ್ಕೇ ಮೇಲೊಂದು ಹಾಳೆಯಲ್ಲಿ ಟೊಮೆಟೊ, ಮಾವಿನ ಬೆಳೆಯ ಪ್ರಶ್ನೆಗಳಿರುತ್ತವೆ. ಯಾರಾದರೂ ಬಂದ ಕೂಡಲೇ ಹಾಳೆ ತಿರುವುತ್ತೇವೆ. ಲೈಂಗಿಕ ಕಿರುಕುಳದ ಪ್ರಶ್ನೆಗಳನ್ನು ಬಾಯಿಂದ ಹೇಳಿಸುವುದಿಲ್ಲ, ಹೆಡ್‌ಫೋನಿನಲ್ಲಿ ಕೇಳಿಸಿ ಬಣ್ಣದ ಚೀಟಿಯನ್ನು ಡಬ್ಬಿಗೆ ಹಾಕಿಸುತ್ತೇವೆ. ಬಾಲ್ಯದ ಭಾಗ ನಡುವೆ ಬರಬೇಕು, ಕೊನೆಯ ಹತ್ತು ನಿಮಿಷ ಈಗಿನ ಕೆಲಸ, ಮನೆಯ ಮಾತು. ಗಾಯ ಕೆದಕಿ ಎದ್ದು ಬರುವುದು ಕ್ರೌರ್ಯ. ಏಳುವ ಮುನ್ನ 14416, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ, ಕೈಗೆ ಕೊಡುತ್ತೇವೆ. ಮಗುವೊಂದು ಈಗ ಲೈಂಗಿಕ ಕಿರುಕುಳಕ್ಕೆ ಸಿಕ್ಕಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಒಪ್ಪಿಗೆ ಪಡೆಯುವಾಗಲೇ ಹೇಳಿರಬೇಕು, ಮಧ್ಯದಲ್ಲಿ ಹೇಳಿದರೆ ಅದು ಮೋಸ.

ಇಷ್ಟಾದರೂ ನೆನಪು ನೆನಪೇ. 2019ರಲ್ಲಿ 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಾಲ್ಯದಲ್ಲೇ ದಾಖಲಾದದ್ದಕ್ಕೂ ದೊಡ್ಡವರಾಗಿ ಹೇಳಿದ್ದಕ್ಕೂ ಹೊಂದಾಣಿಕೆಯ ಅಳತೆ, ಕಪ್ಪಾ (ಪೂರ್ತಿ ಹೊಂದಿದರೆ 1), 0.19 ಮಾತ್ರ ಇತ್ತು. ಇನ್ನೊಂದು ತೊಡಕು ಅಪ್ಪನ ಕುಡಿತ: ಅದು ಮಗನಿಗೆ ರಕ್ತದಲ್ಲೂ ಬರುತ್ತದೆ, ಏಟಿನಲ್ಲೂ ಬರುತ್ತದೆ. ಎರಡನ್ನೂ ತುಸುವಾದರೂ ಬಿಡಿಸಲು ಒಂದೇ ಮನೆಯ ಅಣ್ಣತಮ್ಮಂದಿರನ್ನು ಹೋಲಿಸುತ್ತೇವೆ. ಕುಡಿಯದ ತಮ್ಮ ಸಾಮಾನ್ಯವಾಗಿ ಬೆಂಗಳೂರಿನಲ್ಲಿರುತ್ತಾನೆ, ಯುಗಾದಿಗೆ ಬರುತ್ತಾನೆ. ಹಬ್ಬದ ಮರುದಿನದ ಹೊಸತೊಡಕಿಗೆ ಬಾಡೂಟ, ಕುಡಿತ ಇರುವುದರಿಂದ ಅಂದು ಯಾರನ್ನೂ ಕೇಳುವಂತಿಲ್ಲ. ಹಬ್ಬದ ಹಿಂದಿನ ಸಂಜೆಯೇ ಅವನನ್ನು ಹಿಡಿಯಬೇಕು.