ಅಡಿಕೆ ಸುಲಿಯುವ ಕೈಗೆ ಮೂರು ಇಂಚಿನ ಪೈಪು: ನನ್ನ ಅನುಭವ

ಅಡಿಕೆ ಸುಲಿದು ಕೈ ಜೋಮು ಹಿಡಿದವರಿಗೆ ನಾನು ಪಿವಿಸಿ ಪೈಪಿನಲ್ಲಿ ಸ್ಪ್ಲಿಂಟ್ (ಮಣಿಕಟ್ಟು ಅಲ್ಲಾಡದಂತೆ ಹಿಡಿದಿಡುವ ಆಸರೆ) ಮಾಡಿ ಕಟ್ಟುತ್ತೇನೆ. ಎರಡು ಅಡಿಕೆ ಕೊಯ್ಲು ಮುಗಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ನನ್ನ ಜೊತೆ ಓದಿದ ಫಿಸಿಯೋ ಗೆಳೆಯನೇ ಫೋನಿನಲ್ಲಿ, "ಡ್ರೈನೇಜ್ ಪೈಪ್ ಕಟ್ಟಿದ್ರೆ ನರ ಸರಿಹೋಗುತ್ತಾ? ಸುಮ್ನೆ ಹೆಸರು ಕೆಡಿಸ್ಕೋಬೇಡ" ಅಂದಿದ್ದ. ಈ ವರ್ಷ ಅವನೇ ಇಬ್ಬರನ್ನು ನನ್ನ ಹತ್ತಿರ ಕಳಿಸಿದ್ದಾನೆ.

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನನ್ನದು ಎರಡು ಕೋಣೆಯ ಫಿಸಿಯೋಥೆರಪಿ ಕ್ಲಿನಿಕ್. ದೀಪಾವಳಿ ಕಳೆದು ಕೊಯ್ಲು ಜೋರಾದ ಮೇಲೆ ನಮ್ಮ ಕಡೆ ಮನೆಮನೆಯ ಅಂಗಳದಲ್ಲೂ ರಾತ್ರಿ ಹತ್ತು ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಾರೆ. ಹಸಿ ಅಡಿಕೆಯನ್ನು ಇಟ್ಟುಕೊಂಡು ಕೂರುವಂತಿಲ್ಲ. ಸುಲಿದು ಬೇಯಿಸಲೇಬೇಕು. ಮೆಟ್ಟುಗತ್ತಿಗೆ ಅಡಿಕೆ ಒತ್ತಿ ಸಿಪ್ಪೆ ಎಬ್ಬಿಸುವಾಗ ಮಣಿಕಟ್ಟು ಒಳಕ್ಕೆ ಬಾಗುತ್ತದೆ, ತಿರುಚುತ್ತದೆ, ಬೆರಳುಗಳು ಬಿಗಿ ಹಿಡಿಯುತ್ತವೆ. ಒಂದು ರಾತ್ರಿಗೆ ಇದು ಸಾವಿರಾರು ಸಲ. ಡಿಸೆಂಬರ್ ಹೊತ್ತಿಗೆ ಒಂದೇ ದೂರು: "ಮಲಗಿ ಎರಡು ತಾಸಿಗೆ ಕೈ ಜೋಮು ಹಿಡಿದು ಎಚ್ಚರ ಆಗ್ತದೆ ಡಾಕ್ಟ್ರೇ. ಕೊಡವಿದ್ರೆ ಸರಿಯಾಗ್ತದೆ, ಮತ್ತೆ ಬರ್ತದೆ."

ಕೊಡವಿದರೆ ಸರಿಯಾಗುತ್ತದೆ ಅನ್ನುವ ಆ ಮಾತು ಬಂದರೆ ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನ ಕಿರಿದಾದ ಸುರಂಗದಲ್ಲಿ ನರ ಒತ್ತಿಹೋಗುವ ತೊಂದರೆ ಅಂತ ಅರ್ಧ ಲೆಕ್ಕ ಹಾಕಿಬಿಡುತ್ತೇನೆ. ಉಳಿದರ್ಧಕ್ಕೆ ಒಂದು ಸ್ಕೆಚ್ ಪೆನ್ನು ಸಾಕು. ಎಲ್ಲೆಲ್ಲಿ ಜೋಮು ಅಂತ ಅವರು ತೋರಿಸಿದ ಹಾಗೆ ಅವರ ಅಂಗೈ ಮೇಲೇ ಗೆರೆ ಎಳೆಯುತ್ತೇನೆ. ಮೊದಲು "ಇಡೀ ಕೈ" ಅನ್ನುತ್ತಾರೆ. ಪೆನ್ನು ಹಿಡಿದು ಒಂದೊಂದೇ ಬೆರಳು ಕೇಳಿದಾಗ ಕಿರುಬೆರಳು ಬಿಟ್ಟುಹೋಗುತ್ತದೆ, ಉಂಗುರ ಬೆರಳಿನ ಅರ್ಧ ಬಿಟ್ಟುಹೋಗುತ್ತದೆ. ಹೆಬ್ಬೆರಳ ಬುಡದ ಉಬ್ಬಿನ ಮೇಲಿನ ಚರ್ಮವೂ ಸರಿಯಾಗೇ ಇರುತ್ತದೆ. ಅಲ್ಲಿಗೆ ಹೋಗುವ ನರದ ಕವಲು ಸುರಂಗಕ್ಕಿಂತ ಮೊದಲೇ ಬೇರೆಯಾಗಿರುತ್ತದೆ. ಸುಲಿಯುವವರ ಕೈಯಲ್ಲಿ ಹತ್ತಿ ಸವರಿ ನೋಡುವುದು ದಂಡ. ಚರ್ಮ ದಪ್ಪಗಟ್ಟಿ, ಚೊಗರು ಹತ್ತಿ ಕಪ್ಪಾಗಿರುತ್ತದೆ. ಪೇಪರ್ ಕ್ಲಿಪ್ಪಿನ ತುದಿ ಮುಟ್ಟಿಸಿ, ಅದೇ ಕೈಯ ಕಿರುಬೆರಳಿಗೆ ಹೋಲಿಸಿ ಕೇಳುತ್ತೇನೆ.

ಮಣಿಕಟ್ಟು ಬಗ್ಗಿಸಿ ಹಿಡಿದು ಜೋಮು ಬರುತ್ತದಾ ಅಂತ ನೋಡುವ ಫ್ಯಾಲೆನ್ ಟೆಸ್ಟನ್ನು ನಾನು ಈಗ ಅಷ್ಟು ನೆಚ್ಚುವುದಿಲ್ಲ. ಸುಲಿಯುವ ಹೆಂಗಸರಿಗೆ ಮಣಿಕಟ್ಟು ಬಗ್ಗಿಸಿದರೇ ನೋವು, ಜೋಮು ಯಾವುದು ನೋವು ಯಾವುದು ಅಂತ ಬೇರೆಯಾಗುವುದಿಲ್ಲ. ಸುರಂಗದ ಮೇಲೆ ನನ್ನ ಹೆಬ್ಬೆರಳು ಒತ್ತಿ 30 ಸೆಕೆಂಡು ಹಿಡಿಯುವುದೇ ನನಗೆ ಜಾಸ್ತಿ ಕೈಹಿಡಿದಿದೆ. ಕತ್ತನ್ನು ಮಾತ್ರ ಯಾವತ್ತೂ ಬಿಡುವುದಿಲ್ಲ. ಹೆಬ್ಬೆರಳು, ತೋರುಬೆರಳಿನ ಜೋಮು ಕುತ್ತಿಗೆಯ ಆರನೇ ನರದಿಂದಲೂ ಬರುತ್ತದೆ. ಕತ್ತು ಹಿಂದಕ್ಕೆ ವಾಲಿಸಿ ಆ ಕಡೆಗೇ ತಿರುಗಿಸಿದಾಗ ಕೈಗೆ ಚಳಕು ಇಳಿದರೆ ದಾರಿಯೇ ಬೇರೆ.

ರಾತ್ರಿ ಮಣಿಕಟ್ಟನ್ನು ನೇರ ಇಡುವ ಸ್ಪ್ಲಿಂಟ್ ಹಾಕಬೇಕು ಅನ್ನುವುದು ಹೊಸದಲ್ಲ. ನನಗೆ ಬಂದದ್ದು ದುಡ್ಡಿನ ತೊಂದರೆ. ಮೆಡಿಕಲ್ ಶಾಪಿನದ್ದು ಐನೂರರ ಆಸುಪಾಸು, ಎರಡೂ ಕೈಗೆ ಸಾವಿರ. ಸುಲಿತಕ್ಕೆ ಬರುವವರಿಗೆ ಸಂಬಳ ಡಬ್ಬದ ಲೆಕ್ಕ, ಸುಲಿದು ತುಂಬಿದ ಡಬ್ಬಕ್ಕೆ ಇಷ್ಟು ಅಂತ. ಅವರು ಸಾವಿರ ಕೊಡುವುದಿಲ್ಲ, ಕೊಡಲೂಬಾರದು. ಕೊಂಡವರದ್ದೂ ಬಟ್ಟೆ ಪಟ್ಟಿ ಮೂರು ವಾರಕ್ಕೆ ಸಡಿಲ. ಒಳಗಿನ ಲೋಹದ ಪಟ್ಟಿಯನ್ನು ಬಗ್ಗಿಸಿ ನೇರ ಮಾಡಿಕೊಡುವವರೂ ಇಲ್ಲ. ಬಿಸಿನೀರಲ್ಲಿ ಮೆತ್ತಗಾಗುವ ಥರ್ಮೋಪ್ಲಾಸ್ಟಿಕ್ ಹಾಳೆ ತರಿಸೋಣ ಅಂದರೆ ಒಂದಕ್ಕೇ ಸಾವಿರಗಟ್ಟಲೆ. ಅದಕ್ಕೂ ಮೊದಲು ಸುಮಾರು 38,000 ಕೊಟ್ಟು ಅಲ್ಟ್ರಾಸೌಂಡ್ ಮೆಷಿನ್ (ಸ್ಕ್ಯಾನಿಂಗಿನದ್ದಲ್ಲ, ನೋವಿನ ಚಿಕಿತ್ಸೆಯದ್ದು) ತಂದಿದ್ದೆ. ಒಂದು ಇಡೀ ಸೀಸನ್ ಮಣಿಕಟ್ಟಿಗೆ ಹಾಕಿ ನೋಡಿದೆ. ಹತ್ತು ದಿನ ಬಸ್ ಚಾರ್ಜ್ ಕೊಟ್ಟು ಬಂದವರಿಗೆ ಹನ್ನೊಂದನೇ ರಾತ್ರಿಯೂ ಎಚ್ಚರ ಆಗುತ್ತಿತ್ತು. ಆ ದುಡ್ಡು ಇವತ್ತಿಗೂ ನೋವು ಕೊಡುತ್ತದೆ.

ಪಿವಿಸಿ ಪೈಪಿನ ಸ್ಪ್ಲಿಂಟ್ ನನ್ನ ಶೋಧವಲ್ಲ. ಕುಷ್ಠರೋಗಿಗಳ ಆರೈಕೆಯಲ್ಲಿ ಇದು ಹಳೆಯ ವಿದ್ಯೆ. ನಾನು ಮಾಡಿದ್ದು ಅದನ್ನು ಸುಲಿಯುವ ಕೈಗೆ ಹೊಂದಿಸಿದ್ದು.

ಮೂರು ಇಂಚಿನ ತೆಳು ಡ್ರೈನೇಜ್ ಪೈಪ್ ತೆಗೆದುಕೊಳ್ಳಿ. ದಪ್ಪ ಪೈಪ್ ಬೇಡ, ಬಗ್ಗುವುದಿಲ್ಲ, ತೂಕವೂ ಜಾಸ್ತಿ. ಒಂದು ಗೇಣು ಉದ್ದಕ್ಕೆ ಕೊಯ್ದು, ಉದ್ದಕ್ಕೆ ಎರಡು ಸೀಳು ಮಾಡಿದರೆ ಎರಡು ಸ್ಪ್ಲಿಂಟ್. ಹತ್ತಡಿ ಪೈಪಿನಲ್ಲಿ ಇಪ್ಪತ್ತಾರೋ ಇಪ್ಪತ್ತೆಂಟೋ ಬರುತ್ತವೆ. ಪೈಪು, ಒಳಗಿನ ಫೋಮ್, ವೆಲ್ಕ್ರೋ ಎಲ್ಲಾ ಸೇರಿ ಒಂದಕ್ಕೆ ಎಪ್ಪತ್ತು ರೂಪಾಯಿ ಬೀಳುತ್ತದೆ. ನಾನು 150 ತೆಗೆದುಕೊಳ್ಳುತ್ತೇನೆ.

ಮೊದಲ ಸಲ ಗ್ಯಾಸ್ ಒಲೆ ಮೇಲೆ ಹಿಡಿದೆ. ಒಂದು ಅಂಚು ಸುಟ್ಟು ಕಪ್ಪಾಯಿತು, ಇನ್ನೊಂದು ಅಂಚು ಕಲ್ಲಿನ ಹಾಗೇ ಇತ್ತು. ಹೊಗೆ ಗಂಟಲಿಗೆ ಹೋಗಿ ಎರಡು ದಿನ ಕೆಮ್ಮು. ಸುಟ್ಟ ಪಿವಿಸಿಯ ಹೊಗೆ ಕೆಟ್ಟದ್ದು, ಒಳಗಡೆ ಖಂಡಿತ ಮಾಡಬೇಡಿ. ಕುದಿಯುವ ನೀರಿನಲ್ಲಿ ಹಾಕಿದೆ, ಒಲೆಯಿಂದ ಅಚ್ಚಿಗೆ ತರುವಷ್ಟರಲ್ಲಿ ಗಟ್ಟಿಯಾಗುತ್ತಿತ್ತು. ಹೀಟ್ ಗನ್ ತಂದೆ, ಸಾವಿರದ ಇನ್ನೂರೋ ಮುನ್ನೂರೋ ಆಯಿತು. ಅದು ಪರವಾಗಿಲ್ಲ, ಆದರೆ ಒಂದು ಸ್ಪ್ಲಿಂಟಿಗೆ ಇಪ್ಪತ್ತು ನಿಮಿಷ. ಕೊನೆಗೆ ಉಪಾಯ ಹೊಳೆದದ್ದು ಬಸ್‌ಸ್ಟ್ಯಾಂಡಿನಲ್ಲಿ, ಕಡಲೆಕಾಯಿ ಹುರಿಯುವವನ ಬಾಣಲೆ ನೋಡಿ. ಮರಳು! ಈಗ ಹಿತ್ತಲಲ್ಲಿ ಸೌದೆ ಒಲೆ, ಅದರ ಮೇಲೆ ದೊಡ್ಡ ಬಾಣಲೆ, ತುಂಬ ಜರಡಿ ಹಿಡಿದ ಮರಳು. ಪೈಪನ್ನು ಅದರೊಳಗೆ ಹೂತರೆ ಎಲ್ಲಾ ಕಡೆ ಒಂದೇ ಸಮ ಮೆತ್ತಗಾಗಿ ಚಪ್ಪಲಿಯ ರಬ್ಬರಿನ ಹಾಗೆ ಬಾಗುತ್ತದೆ. ಮರಳಿನ ಹದ ಹೇಗೆ ತಿಳಿಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಆರೇಳು ಪೈಪು ಹಾಳಾಗಿ ಕಲಿತದ್ದು ಅದು. ಕ್ಲಿನಿಕ್‌ಗೆ ಬಂದವರಿಗೆ ತೋರಿಸುತ್ತೇನೆ.

ಬಿಸಿ ಪೈಪನ್ನು ಕೈ ಮೇಲೆ ಇಡುವ ಮಾತೇ ಇಲ್ಲ, ಸುಟ್ಟುಬಿಡುತ್ತದೆ. ನಮ್ಮೂರ ಆಚಾರಿ ಹಲಸಿನ ಮರದಲ್ಲಿ ಮೂರು ಅಳತೆಯ ಕೈ ಕೆತ್ತಿಕೊಟ್ಟರು. ಅದರ ಮೇಲೆ ಒತ್ತಿ, ಒದ್ದೆ ಬಟ್ಟೆ ಸುತ್ತಿ ಆರಿಸುತ್ತೇನೆ.

ಮೊದಲ ಹನ್ನೊಂದು ಸ್ಪ್ಲಿಂಟ್‌ಗಳು ಪೂರ್ತಿ ಸೋತವು. ಕಾಲೇಜಿನಲ್ಲಿ ಕೈ ಜೋತುಬಿದ್ದವರಿಗೆ ಮಾಡಲು ಕಲಿತ ಹಾಗೇ ಮಣಿಕಟ್ಟನ್ನು ಸುಮಾರು 30 ಡಿಗ್ರಿ ಮೇಲಕ್ಕೆ ಎತ್ತಿಬಿಟ್ಟಿದ್ದೆ. ನಾಲ್ಕೇ ದಿನಕ್ಕೆ ಇಬ್ಬರು ವಾಪಸ್ ತಂದಿಟ್ಟರು. "ಇದನ್ನ ಕಟ್ಟಿದ ಮೇಲೆ ಜೋಮು ಜಾಸ್ತಿಯಾಯ್ತು ಮಾರಾಯ್ರೆ" ಅಂದರು. ಅವರು ಹೇಳಿದ್ದೇ ಸರಿ. ಬಾಗಿದರೂ ಸುರಂಗದ ಒತ್ತಡ ಏರುತ್ತದೆ, ಎತ್ತಿದರೂ ಏರುತ್ತದೆ, ಹೆಚ್ಚುಕಡಿಮೆ ನೇರ ಇದ್ದಾಗಲೇ ಕಡಿಮೆ. ಅಚ್ಚುಗಳನ್ನು ಆಚಾರಿ ಹತ್ತಿರ ಮತ್ತೆ ಕೆತ್ತಿಸಿದೆ. ಇನ್ನೊಂದು ತಪ್ಪು, ಸ್ಪ್ಲಿಂಟ್ ಬೆರಳುಗಳ ಬುಡದವರೆಗೂ ಬಂದು ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಈಗ ಅಂಗೈಯಲ್ಲಿ ಬೆರಳುಗಳ ಕಡೆಗಿರುವ ಅಡ್ಡಗೆರೆಗಿಂತ ಸ್ವಲ್ಪ ಕೆಳಗೇ ನಿಲ್ಲಿಸುತ್ತೇನೆ. ಹೆಬ್ಬೆರಳ ಬುಡದಲ್ಲಿ ಅಂಚು ಕೊರೆದು ಗಾಯ ಆಗುತ್ತಿತ್ತು. ಅಲ್ಲಿ ಅಂಚನ್ನು ಹೊರಕ್ಕೆ ಮಡಚುವ ಒಂದು ರೀತಿ ಇದೆ, ಅದನ್ನೂ ಕೈಯಲ್ಲೇ ತೋರಿಸಬೇಕು.

ಎರಡನೇ ಕಂತಿನ ಸ್ಪ್ಲಿಂಟ್ ಹಾಕಿದವರಲ್ಲಿ ಒಬ್ಬರು ಐವತ್ತು ದಾಟಿದ ಹೆಂಗಸು. ಹತ್ತು ಹನ್ನೆರಡು ಜನರ ಸುಲಿತದ ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗುವವರು. ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಜಗಲಿ ಮೇಲೆ ಕೂತಿದ್ದರು. ಏನೋ ತೊಂದರೆಯಾಯಿತು ಅಂದುಕೊಂಡೆ. "ನಿನ್ನೆ ರಾತ್ರಿ ಕೈ ನೆನಪೇ ಆಗಲಿಲ್ಲ ಡಾಕ್ಟ್ರೇ" ಅಂದರು. ಮಧ್ಯಾಹ್ನದ ಹೊತ್ತಿಗೆ ಅವರ ಗುಂಪಿನ ಐದು ಜನ ಬಂದರು.

ಎರಡು ಸೀಸನ್ನಿನಲ್ಲಿ ಅರವತ್ತೈದು ಎಪ್ಪತ್ತು ಜನಕ್ಕೆ ಕಟ್ಟಿರಬಹುದು. ನೆನಪಿನ ಲೆಕ್ಕ ಹೇಳುವುದಾದರೆ ಹತ್ತರಲ್ಲಿ ಆರೇಳು ಜನ ಆರು ವಾರದೊಳಗೆ ರಾತ್ರಿ ಪೂರ್ತಿ ನಿದ್ದೆ ಮಾಡಿದರು. ಆರು ವಾರ ದಿನವೂ ರಾತ್ರಿ ಕಟ್ಟಲೇಬೇಕು, ಎರಡು ದಿನ ಆರಾಮ ಅನ್ನಿಸಿತು ಅಂತ ಬಿಚ್ಚಿಟ್ಟವರಿಗೆ ತಿರುಗಿ ಬಂದಿದೆ. ಹಗಲು ಕಟ್ಟಿಕೊಂಡು ಸುಲಿಯಬಾರದು. ಒಬ್ಬರು ಸುಲಿದು ಸ್ಪ್ಲಿಂಟೂ ಮುರಿದುಕೊಂಡರು, ಮೊಣಕೈ ನೋವೂ ತಂದುಕೊಂಡರು. ಹೆಬ್ಬೆರಳ ಬುಡದ ಮಾಂಸ ಇಳಿದಿದ್ದರೆ, ಜೋಮು ಇಪ್ಪತ್ನಾಲ್ಕು ಗಂಟೆಯೂ ಇದ್ದರೆ, ಲೋಟ ಕೈಜಾರುತ್ತಿದ್ದರೆ ನಾನು ಪೈಪು ಮುಟ್ಟುವುದೇ ಇಲ್ಲ. ನೇರ ಮೂಳೆ ಡಾಕ್ಟರ ಹತ್ತಿರ. ಅಂಥವರಿಗೆ ಆಪರೇಷನ್ ತಡಮಾಡಿದರೆ ಹೋದ ಮಾಂಸ ತಿರುಗಿ ಬರುವುದು ಕಷ್ಟ.

ಅಡಿಕೆ ಹಾಳೆಯಲ್ಲೂ ಮಾಡಿ ನೋಡಿದೆ. ತಟ್ಟೆ ಆಗುತ್ತದೆ, ಟೊಪ್ಪಿ ಆಗುತ್ತದೆ, ಸ್ಪ್ಲಿಂಟ್ ಯಾಕಾಗಬಾರದು? ನೆನೆಸಿದ ಹಾಳೆಯನ್ನು ಅಚ್ಚಿಗೆ ಕಟ್ಟಿ ಎರಡು ದಿನ ಒಣಗಿಸಿದೆ. ಬಂದದ್ದು ಎಷ್ಟು ಚಂದ ಅಂದರೆ ಹಗುರ, ನಯ, ಖರ್ಚೇ ಇಲ್ಲ. ಮೂರನೇ ರಾತ್ರಿ ಬೆವರಿಗೆ ಮೆತ್ತಗಾಯಿತು, ವಾರಕ್ಕೆ ಬೂಷ್ಟು ಹಿಡಿಯಿತು. ಎರಡು ಪದರ ಅಂಟಿಸಿ ಇನ್ನೊಮ್ಮೆ ನೋಡಬೇಕು ಅಂತ ಇದೆ. ಕೂರುವ ಮಣೆ ಕೆಳಗೆ ನಾಲ್ಕು ಇಂಚಿನ ಹಲಗೆ ಇಡಿಸಿದ್ದೂ ಉಪಯೋಗಕ್ಕೆ ಬಂತು, ಮಣಿಕಟ್ಟು ಅಷ್ಟು ಮಡಚುವುದಿಲ್ಲ. ವಿಶ್ರಾಂತಿ ತಗೊಳ್ಳಿ ಅಂದರೆ ಡಬ್ಬದ ಲೆಕ್ಕದವರು ಯಾರೂ ಕೇಳುವುದಿಲ್ಲ. ಅದಕ್ಕೆ ಡಬ್ಬ ತುಂಬಿ ಸುರಿಯಲು ಎದ್ದಾಗಲೇ ಐದು ಸಲ ನರದ ವ್ಯಾಯಾಮ ಮಾಡಿ ಅಂತ ಹೇಳಿಕೊಟ್ಟೆ. ಆಗ ಹೇಗೂ ಏಳಬೇಕಲ್ವಾ, ಅದನ್ನು ಮಾಡುತ್ತಾರೆ.

ನಾನು ಎಡವಿದ ಎರಡು ಕೇಸ್ ಹೇಳಲೇಬೇಕು.

ಒಬ್ಬರಿಗೆ ಸುಮಾರು ನಲವತ್ತು ವರ್ಷ, ಎರಡೂ ಕೈ ಜೋಮು. ಸುಲಿಯುವವರೇ. ಎರಡು ಸ್ಪ್ಲಿಂಟ್ ಕೊಟ್ಟು ಕಳಿಸಿದೆ. ಮೂರು ವಾರ ಬಿಟ್ಟು ಬಂದಾಗ, "ಬೆಳಿಗ್ಗೆ ಒಂಬತ್ತರವರೆಗೆ ರಂಗೋಲಿ ಪುಡಿ ಹಿಡಿಯಕ್ಕೂ ಆಗಲ್ಲ" ಅಂದರು. ಆಗ ಬೆರಳ ಬುಡದ ಗೆಣ್ಣುಗಳನ್ನು ನೋಡಿದೆ. ಎರಡೂ ಕೈಯಲ್ಲಿ ಊದಿ, ಗೆಣ್ಣುಗಳ ನಡುವಿನ ಹಳ್ಳವೇ ಮಾಯವಾಗಿತ್ತು. ಅಂಗೈಯನ್ನು ಅಡ್ಡಕ್ಕೆ ಮೆಲ್ಲಗೆ ಹಿಂಡಿದರೆ ಚೀರಿದರು. ಬಿಸಿಲೇರುವವರೆಗೆ ಬಿಡದ ಆ ಬಿಗಿತವನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ರುಮಟಾಯ್ಡ್ ಸಂಧಿವಾತ ಅಂತ ಅನುಮಾನಪಟ್ಟು ಕೀಲುವಾತದ ತಜ್ಞರ ಹತ್ತಿರ ಕಳಿಸಿದೆ. ರಕ್ತ ಪರೀಕ್ಷೆಯಲ್ಲೂ ಅದೇ ಬಂತು, ಅದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಶುರುವಾಯಿತು. ಊತ ಇಳಿದ ಹಾಗೆ ಜೋಮೂ ಇಳಿಯಿತು. ಅವರು ಮಾತ್ರೆ ಪಟ್ಟಿ ತಂದು ತೋರಿಸಿದಾಗ ನನ್ನ ಎದೆ ಧಸಕ್ಕೆಂದಿತು. ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆಯನ್ನು ಎರಡು ದಿನ ಬೆನ್ನುಬೆನ್ನಿಗೆ ನುಂಗಿದ್ದರು. ತಕ್ಷಣ ಡಾಕ್ಟರಿಗೆ ಫೋನ್ ಹಚ್ಚಿಕೊಟ್ಟೆ, ಏನೂ ಆಗಲಿಲ್ಲ. ಈ ಮಾತ್ರೆ ದಿನಾ ತಿಂದರೆ ಜೀವಕ್ಕೇ ಅಪಾಯ. ಈಗ ಯಾರ ಚೀಟಿಯಲ್ಲಿ ಅದನ್ನು ಕಂಡರೂ ಕ್ಯಾಲೆಂಡರಿನಲ್ಲಿ ವಾರ ಗುರುತು ಹಾಕಿಸಿಯೇ ಕಳಿಸುತ್ತೇನೆ.

ಇನ್ನೊಬ್ಬ ಅಡಿಕೆ ಗೊನೆ ಕೊಯ್ಯುವ ಹುಡುಗ. ಕಿರುಬೆರಳು ಜೋಮು ಅಂದಿದ್ದ. ಕಿರುಬೆರಳು ಅಂದರೆ ಸುರಂಗದ ಮಾತಲ್ಲ, ಮೊಣಕೈ ಹತ್ತಿರದ ಬೇರೆ ನರ. ದೋಟಿ (ಗೊನೆ ಕೊಯ್ಯುವ ಉದ್ದ ಕೋಲು) ಹಿಡಿದು ಎಳೆದೂ ಎಳೆದೂ ಆಗಿದೆ ಅಂದುಕೊಂಡು ಮೊಣಕೈಗೆ ಪೈಪು ಕಟ್ಟಿದೆ. ಎರಡನೇ ಸಲ ಅಂಗಿ ಬಿಚ್ಚಿಸಿದಾಗ ತೋಳಿನ ಹಿಂದೆ ಬಿಳಿಚಿದ ಮಚ್ಚೆ ಕಂಡಿತು, ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಮೊಣಕೈಯಲ್ಲಿ ನರ ಹಗ್ಗದ ಹಾಗೆ ಕೈಗೆ ಸಿಕ್ಕಿತು. ಕುಷ್ಠ. ಸರ್ಕಾರಿ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಔಷಧಿ ಪೂರ್ತಿ ಉಚಿತ, ರೋಗದ ಬಗೆ ನೋಡಿ ಆರು ತಿಂಗಳೋ ಒಂದು ವರ್ಷವೋ ಕೊಡುತ್ತಾರೆ. ಅವನ ಬೆರಳು ಮಡಚಿಹೋಗುವ ಮೊದಲೇ ಸಿಕ್ಕಿತಲ್ಲ ಅನ್ನುವುದೇ ನನಗೆ ಸಮಾಧಾನ. ಅವತ್ತಿನಿಂದ ಜೋಮು ಅಂತ ಬಂದ ಪ್ರತಿಯೊಬ್ಬರ ತೋಳನ್ನೂ ಭುಜದವರೆಗೆ ಬೆಳಕಿನಲ್ಲಿ ನೋಡುತ್ತೇನೆ, ಮೊಣಕೈ ನರವನ್ನು ಬೆರಳಲ್ಲಿ ಉರುಳಿಸಿ ನೋಡುತ್ತೇನೆ. ಎರಡೂ ಕೈ ಜೋಮು ಅಂದವರಿಗೆ ಸಕ್ಕರೆ, ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತ ಮೊದಲು ಕೇಳುತ್ತೇನೆ. ಹಾಗೆ ಮೂವರಿಗೆ ಥೈರಾಯ್ಡ್ ಸಿಕ್ಕಿದೆ.

ಪೈಪಿನ ಮಾತು ಎತ್ತಿದರೆ ತಲೆ ಅಲ್ಲಾಡಿಸುತ್ತಿದ್ದ ಹಿರಿಯ ಮೂಳೆ ಡಾಕ್ಟರೊಬ್ಬರು ಈ ಜನವರಿಯಲ್ಲಿ ಒಂದು ಚೀಟಿ ಕೊಟ್ಟು ಪೇಷಂಟ್ ಕಳಿಸಿದರು. ಅದರಲ್ಲಿ ಎರಡೇ ಪದ ಇತ್ತು: "ಪೈಪ್ ಸ್ಪ್ಲಿಂಟ್." ಚೀಟಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಮುಂದಿನ ಕೊಯ್ಲಿಗೆ ಎರಡು ಪೈಪು ಕೊಯ್ದು ಸೀಳಿಟ್ಟಾಗಿದೆ. ಮಳೆ ಬಿಟ್ಟು ಮರಳು ಒಣಗಿದರೆ ಅಚ್ಚಿಗೆ ಹಾಕಲು ಶುರು ಮಾಡುತ್ತೇನೆ.