ಮಂಕಾದ ಕಾರಿನ ಬಣ್ಣಕ್ಕೆ ಮನೆಯಲ್ಲೇ ಹೊಳಪು ತರುವ ಬಗೆ

ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಮೊದಲು ಕಳೆಗುಂದುವುದು ಬಾನೆಟ್ ಮತ್ತು ಟಾಪ್, ಏಕೆಂದರೆ ನೇರಳಾತೀತ ಕಿರಣಗಳು ನೆಟ್ಟಗೆ ಬೀಳುವುದು ಅವುಗಳ ಮೇಲೆಯೇ. ಈಗಿನ ಬಹುಪಾಲು ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಮಾತ್ರ. ಪಾಲಿಶ್ ಮಾಡುವುದೆಂದರೆ ಈ ಪದರದ ಕೆಟ್ಟ ಮೇಲ್ಮೈಯನ್ನು ತುಸುವೇ ಉಜ್ಜಿ ತೆಗೆಯುವುದು. ತೆಗೆದದ್ದು ಮರಳಿ ಬರುವುದಿಲ್ಲವಾದ್ದರಿಂದ, ಎಷ್ಟು ಕಡಿಮೆ ಉಜ್ಜಿ ಕೆಲಸ ಮುಗಿಸಬಹುದು ಎಂಬುದೇ ಇಲ್ಲಿ ಮುಖ್ಯ.

ಮೊದಲು ಮಂಕಿನ ಕಾರಣ ತಿಳಿಯಬೇಕು. ತೊಳೆದ ಭಾಗ ಒದ್ದೆಯಿದ್ದಾಗ ಹೊಳೆದು, ಒಣಗಿದೊಡನೆ ಮತ್ತೆ ಮಬ್ಬಾದರೆ ದೋಷ ಮೇಲ್ಮೈಯಲ್ಲೇ ಇರುವ ಸಾಧ್ಯತೆ ಹೆಚ್ಚು. ಅದು ಪಾಲಿಶ್‌ಗೆ ಬಗ್ಗುತ್ತದೆ. ಬಿಳಿಚಿಕೊಂಡ ತೇಪೆಗಳ ಅಂಚು ಸಿಪ್ಪೆಯಂತೆ ಏಳುತ್ತಿದ್ದರೆ ಕ್ಲಿಯರ್ ಕೋಟ್ ಕಿತ್ತುಬಂದಿದೆ ಎಂದರ್ಥ, ಅದಕ್ಕೆ ಮರುಬಣ್ಣವೊಂದೇ ದಾರಿ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನೂ ಪಾಲಿಶ್ ಅಳಿಸಲಾರದು.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಲೋಹ ಕೈಗೆ ತಣ್ಣಗೆ ಹತ್ತುವವರೆಗೆ ಕಾಯಿರಿ. ಧೂಳನ್ನು ನೀರಿನಿಂದ ಹರಿಸಿದ ಮೇಲೆಯೇ ಕಾರ್ ಶಾಂಪೂ ಹಚ್ಚಿ. ಶಾಂಪೂ ನೀರಿಗೊಂದು, ಕೊಳೆಯಾದ ಬಟ್ಟೆ ಜಾಲಿಸಲಿಕ್ಕೊಂದು ಎಂದು ಎರಡು ಬಕೆಟ್‌ಗಳಿರಲಿ, ಇಲ್ಲದಿದ್ದರೆ ಬಟ್ಟೆಗೆ ಅಂಟಿದ ಮರಳಿನ ಕಣಗಳೇ ಹೊಸ ಗೀರುಗಳನ್ನು ಎಳೆಯುತ್ತವೆ.

ತೊಳೆದು ಒರೆಸಿದ ಬಳಿಕ ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಕೈಯಿಟ್ಟು ಬಾನೆಟ್ ಸವರಿ ನೋಡಿ. ಬರಿಗೈಗೆ ನುಣುಪೆನಿಸಿದ ಜಾಗವೂ ಕವರಿನ ಮೂಲಕ ತರಿತರಿಯಾಗಿ ತಿಳಿಯುತ್ತದೆ. ಬ್ರೇಕ್‌ನಿಂದ ಸಿಡಿದ ಕಬ್ಬಿಣದ ಪುಡಿ, ಮರದ ಅಂಟು, ಟಾರಿನ ಚುಕ್ಕೆಗಳು ಹೀಗೆ ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ಕ್ಲೇ ಬಾರ್ ಎಂಬ, ಜೇಡಿಮಣ್ಣಿನಂತೆ ಮೆತ್ತಗಿರುವ ಉಂಡೆಯ ತುಂಡನ್ನು ಚಪ್ಪಟೆ ಮಾಡಿ, ಅದು ಜಾರಲೆಂದೇ ಸಿಗುವ ದ್ರವವನ್ನು ಬಣ್ಣದ ಮೇಲೆ ಸಿಂಪಡಿಸಿ, ಒತ್ತದೆ ನೇರವಾಗಿ ಜಾರಿಸಿದರೆ ಅವು ಬಿಟ್ಟುಬರುತ್ತವೆ. ಕೊಳೆಯಾದ ಮುಖವನ್ನು ಒಳಗೆ ಮಡಚುತ್ತಿರಿ. ಕ್ಲೇ ನೆಲಕ್ಕೆ ಬಿದ್ದರೆ ಮರುಮಾತಿಲ್ಲದೆ ಎಸೆದುಬಿಡಿ.

ಇನ್ನು ಪಾಲಿಶ್. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್ ಭಾಗಗಳು ಮತ್ತು ಬಾಗಿಲಿನ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಚುಗಳಲ್ಲಿ ಬಣ್ಣ ತೆಳುವಾಗಿರುವುದರಿಂದ ಅದು ಬೇಗ ಸವೆಯುತ್ತದೆ. ಇಡೀ ಕಾರಿಗೆ ಕೈಹಾಕುವ ಮುನ್ನ, ಸುಮಾರು 40 ಸೆಂಟಿಮೀಟರ್ ಉದ್ದಗಲದ ಒಂದೇ ಚೌಕದಲ್ಲಿ, ಇರುವುದರಲ್ಲೇ ನಯವಾದ ಪಾಲಿಶ್ ಹಚ್ಚಿ ನೋಡಿ. ಫೋಮ್ ಪ್ಯಾಡ್‌ಗೆ ಬಟಾಣಿ ಗಾತ್ರದ ಮೂರ್ನಾಲ್ಕು ಹನಿ ಹಾಕಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಒಂದು ಎಳೆತ ಇನ್ನೊಂದರ ಅರ್ಧವನ್ನು ಮುಚ್ಚುವಂತೆ ಸಮನಾದ ಒತ್ತಡದಲ್ಲಿ ಉಜ್ಜಿ, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಪರೀಕ್ಷಿಸಿ. ಬೆಳಕಿನ ಸುತ್ತ ಜೇಡರ ಬಲೆಯಂತೆ ಕಾಣುತ್ತಿದ್ದ ನವಿರು ಗೀರುಗಳು ಮಾಯವಾಗಿದ್ದರೆ ಅಷ್ಟೇ ಸಾಕು. ಉಳಿದಿದ್ದರೆ ಮಾತ್ರ ಪಾಲಿಶ್‌ಗಿಂತ ಒರಟಾಗಿ ಉಜ್ಜುವ ರಬ್ಬಿಂಗ್ ಕಾಂಪೌಂಡ್ ಬಳಸಿ, ಅದರ ಮೇಲೆ ಮತ್ತೆ ನಯವಾದ ಪಾಲಿಶ್ ಕೊಡಿ. ಮೊದಲ ಹೆಜ್ಜೆಗೇ ಕಾಂಪೌಂಡ್ ಹಿಡಿಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಪ್ಯಾಡ್‌ಗೆ ಕಾರಿನ ಬಣ್ಣವೇ ಅಂಟಿಬಂದರೆ ಅದರಲ್ಲಿ ಕ್ಲಿಯರ್ ಕೋಟ್ ಇಲ್ಲ, ಅಥವಾ ಅದು ಸವೆದುಹೋಗಿದೆ. ಆಗ ಕೈ ತಡೆದು, ಯಾವುದೆಂದು ತಿಳಿದ ಮೇಲೆ ಮುಂದುವರಿಯಿರಿ.

ಯಂತ್ರ ಬಳಸುವವರು ತಿರುಗುತ್ತಲೇ ಅಲುಗಾಡುವ ಡ್ಯುಯಲ್ ಆಕ್ಷನ್ ಪಾಲಿಶರ್ ಆರಿಸಿಕೊಳ್ಳುವುದು ಒಳಿತು. ಕೇವಲ ಗರಗರ ತಿರುಗುವ ರೋಟರಿ ಯಂತ್ರ ಒಂದೇ ಕಡೆ ನಿಂತರೆ ಬಣ್ಣವನ್ನು ಸುಟ್ಟುಬಿಡಬಲ್ಲದು.

ಪಾಲಿಶ್‌ನ ಎಣ್ಣೆಯಂಶ ಗೀರುಗಳನ್ನು ತಾತ್ಕಾಲಿಕವಾಗಿ ಮರೆಮಾಚುವುದುಂಟು. ಆದ್ದರಿಂದ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ನಿಜಸ್ಥಿತಿ ನೋಡಿಕೊಂಡು, ವ್ಯಾಕ್ಸ್ ಅಥವಾ ಸೀಲಂಟನ್ನು ತೆಳುವಾಗಿ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ ತೆಗೆಯಿರಿ. ಈ ರಕ್ಷಣೆಯಿಲ್ಲದಿದ್ದರೆ ಬಿಸಿಲು ತನ್ನ ಕೆಲಸವನ್ನು ಮತ್ತೆ ಶುರುಮಾಡುತ್ತದೆ. ಮುಂದೆ ತೊಳೆಯುವಾಗ ನೀರು ಮಣಿಗಟ್ಟದೆ ಹಾಳೆಯಂತೆ ಹರಡಿ ನಿಲ್ಲತೊಡಗಿದರೆ ಚೆನ್ನಾಗಿ ತೊಳೆದು ವ್ಯಾಕ್ಸ್ ಮಾತ್ರ ಮತ್ತೆ ಹಚ್ಚಿ; ಪಾಲಿಶ್ ಮುಟ್ಟುವ ಅಗತ್ಯವಿಲ್ಲ.